ರೇಂಜ್‌ಫೈಂಡರ್ ಕ್ಯಾಮೆರಾ ಕೈಕೊಟ್ಟಾಗ: ರಿಪೇರಿಗೆ ಕಳಿಸುವ ಮುನ್ನ ಮನೆಯಲ್ಲೇ ಮಾಡಬೇಕಾದ ಪರೀಕ್ಷೆಗಳು

2022ರ ಜನವರಿಯಲ್ಲಿ ಲೈಕಾ ಕಂಪನಿಯ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಎಂ11 ಮಾರುಕಟ್ಟೆಗೆ ಬಂದಾಗ ಲೆನ್ಸ್ ಇಲ್ಲದ ಬಾಡಿಯೊಂದರ ಬೆಲೆಯೇ ಅಮೆರಿಕದಲ್ಲಿ 8,995 ಡಾಲರ್ ಇತ್ತು. ಇಷ್ಟು ಹಣ ಕೊಟ್ಟು ಕೊಂಡ ವಸ್ತು ಕೆಡಲೇಬಾರದು ಎಂದು ಕೊಂಡವರು ಭಾವಿಸುವುದು ಸಹಜ. ಆದರೆ ಅದೂ ಕೆಡುತ್ತದೆ, ಕೆಟ್ಟಾಗ ಉಂಟಾಗುವ ಸಿಟ್ಟು ಸಾಮಾನ್ಯ ಕ್ಯಾಮೆರಾ ಕೆಟ್ಟಾಗಿನದಕ್ಕಿಂತ ದುಪ್ಪಟ್ಟಾಗಿರುತ್ತದೆ. ಆ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಕಠಿಣವಾದ ಕೆಲಸಗಳಿಗಾಗಿ ಈ ಕ್ಯಾಮೆರಾ ಜರ್ಮನಿಯ ವೆಟ್ಸ್ಲಾರ್ ಊರಿನ ಕಾರ್ಖಾನೆಯವರೆಗೂ ಹೋಗಿಬರಬೇಕಾಗಬಹುದು, ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಹಾಗೆ ಕಾದ ಮೇಲೆ "ದೋಷವೇನೂ ಕಂಡುಬರಲಿಲ್ಲ" ಎಂಬ ಒಂದು ಸಾಲಿನ ಚೀಟಿಯೊಂದಿಗೆ ಕ್ಯಾಮೆರಾ ಮರಳಿ ಬಂದರೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಆದ್ದರಿಂದ ಇಲ್ಲಿನ ಪರೀಕ್ಷೆಗಳೆಲ್ಲ ತಪ್ಪಿತಸ್ಥ ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದಕ್ಕೆ. ಈ ಬಗೆಯ ಕ್ಯಾಮೆರಾದಲ್ಲಿ ಅನುಮಾನಿಸಬೇಕಾದವರು ನಾಲ್ವರು: ನಿಮ್ಮ ಕಣ್ಣು, ಲೆನ್ಸ್, ಬಾಡಿ, ಮತ್ತು ಕಾರ್ಡು–ಬ್ಯಾಟರಿಗಳ ಜೋಡಿ. ಬಾಡಿಯ ಮುಂಭಾಗದಲ್ಲಿ ಸುಮಾರು 69 ಮಿ.ಮೀ. ಅಂತರದಲ್ಲಿರುವ ಎರಡು ಕಿಂಡಿಗಳು ಒಂದೇ ದೃಶ್ಯವನ್ನು ಎರಡು ಕೋನಗಳಿಂದ ನೋಡುತ್ತವೆ. ಲೆನ್ಸನ್ನು ತಿರುಗಿಸಿದಾಗ ಅದರ ಹಿಂಬದಿಯ ಲೋಹದ ಬಳೆಯು ಬಾಡಿಯೊಳಗಿನ ಸಣ್ಣ ಉರುಳೆಯೊಂದನ್ನು ತಳ್ಳುತ್ತದೆ, ಆ ತಳ್ಳುವಿಕೆಯಿಂದ ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ನಡುವಣ ಚೌಕದೊಳಗಿನ ಬಿಂಬ ಸರಿಯುತ್ತದೆ, ಎರಡು ಬಿಂಬಗಳು ಒಂದಾದಾಗ ಫೋಕಸ್ ಆಯಿತೆಂದು ಅರ್ಥ. ಚಿತ್ರ ಹಿಡಿಯುವ ಸೆನ್ಸರ್ ಡಿಜಿಟಲ್ ಆಗಿದ್ದರೂ ಈ ವ್ಯವಸ್ಥೆ ಪೂರ್ತಿ ಯಾಂತ್ರಿಕವಾದದ್ದು. ಫಿಲ್ಮ್ ಕಾಲದಲ್ಲಿ ಯಾರ ಗಮನಕ್ಕೂ ಬಾರದಿದ್ದ ಕೂದಲೆಳೆಯಷ್ಟು ವ್ಯತ್ಯಾಸವು 60 ಮೆಗಾಪಿಕ್ಸೆಲ್ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುವ ಈ ಕಾಲದಲ್ಲಿ ದೊಡ್ಡ ದೋಷವಾಗಿ ಕಾಣುತ್ತದೆ.

ಚಿತ್ರವೆಲ್ಲ ಕಪ್ಪು, ಅಥವಾ ನಡುವಣ ಚೌಕವೇ ಕಾಣುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆಯಿಂದಲೇ ಆರಂಭಿಸೋಣ. ಲೆನ್ಸಿನ ಮುಚ್ಚಳವನ್ನು ತೆಗೆದಿದ್ದೀರಾ ಎಂದು ನೋಡಿಕೊಳ್ಳಿ. ಈ ಮಾತು ಓದಿ ನಗು ಬರಬಹುದು; ಆದರೆ ರೇಂಜ್‌ಫೈಂಡರಿನಲ್ಲಿ ನೀವು ನೋಡುವುದು ಲೆನ್ಸಿನ ಮೂಲಕವಲ್ಲವಾದ್ದರಿಂದ, ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಝಗಮಗಿಸುತ್ತಲೇ ಇರುತ್ತದೆ. ಇದನ್ನು ಒಮ್ಮೆಯೂ ಮಾಡದ ರೇಂಜ್‌ಫೈಂಡರ್ ಬಳಕೆದಾರರನ್ನು ನಾನಂತೂ ಇನ್ನೂ ಕಂಡಿಲ್ಲ.

ನಡುವಣ ಚೌಕ ಮಾಯವಾಗಿದ್ದರೆ ಎಡಗೈಯ ಬೆರಳು ಮುಂಭಾಗದ ಚಿಕ್ಕ ಕಿಂಡಿಯನ್ನು ಮುಚ್ಚಿದೆಯೇ ನೋಡಿ. ಬೆರಳು ಸರಿಸಿದೊಡನೆ ಚೌಕ ಮರಳಿದರೆ ಕ್ಯಾಮೆರಾದಲ್ಲಿ ದೋಷವಿಲ್ಲ. ಎದುರು ಬೆಳಕಿನಲ್ಲಿ ಚೌಕ ಬೆಳ್ಳಗಾಗಿ ಮಸುಕಾದರೆ ಕಣ್ಣನ್ನು ಕಿಂಡಿಯ ನಡುವಿಗೆ ತಂದು ಇನ್ನೊಮ್ಮೆ ನೋಡಿ. ಎಲ್ಲ ಬೆಳಕಿನಲ್ಲೂ, ಕಣ್ಣು ಎಲ್ಲಿಟ್ಟರೂ ಚೌಕ ಮಂಕಾಗಿಯೇ ಇದ್ದರೆ ಎರಡೂ ಕಿಂಡಿಗಳ ಹೊರಗಾಜನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ನೋಡಿ. ಅದರಿಂದಲೂ ತಿಳಿಯಾಗದಿದ್ದರೆ ಒಳಗಿನ ಪ್ರಿಸಂ ಮೇಲೆ ಮಬ್ಬು ಕೂತಿದೆ ಎಂದರ್ಥ, ಅದು ಸರ್ವಿಸ್‌ನವರ ಕೆಲಸ.

ಬಹಳ ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಬಿಂಬವು ಒಂದು ಹಂತದಲ್ಲಿ ನಿಂತುಬಿಡುವುದೂ ದೋಷವಲ್ಲ. ಬಾಡಿಯ ರೇಂಜ್‌ಫೈಂಡರ್ ಸುಮಾರು 0.7 ಮೀಟರ್‌ವರೆಗೆ ಮಾತ್ರ ಅಳೆಯಬಲ್ಲದು. ಇತ್ತೀಚಿನ ಕೆಲವು ಲೆನ್ಸ್‌ಗಳು ಅದಕ್ಕಿಂತ ಹತ್ತಿರಕ್ಕೂ ಹೋಗುತ್ತವೆಯಾದರೂ, ಆ ಗಡಿಯಿಂದ ಈಚೆಗೆ ಲೈವ್ ವ್ಯೂ, ಅಂದರೆ ಲೆನ್ಸಿನ ಮೂಲಕ ಕಾಣುವ ದೃಶ್ಯವನ್ನು ಪರದೆಯ ಮೇಲೆ ನೋಡಿಯೇ ಫೋಕಸ್ ಮಾಡಬೇಕು.

ಸ್ವಿಚ್ ಹಾಕಿದರೂ ಕ್ಯಾಮೆರಾ ಏಳುತ್ತಿಲ್ಲ

ಲೈಕಾದ ಎಂ ಸರಣಿಯ ಡಿಜಿಟಲ್ ಮಾದರಿಗಳ ಪೈಕಿ ಎಂ8ರಿಂದ ಎಂ10ರವರೆಗಿನ ಕ್ಯಾಮೆರಾಗಳಲ್ಲಿ ಕಾರ್ಡು ಮತ್ತು ಬ್ಯಾಟರಿಗಳು ತಳದ ಲೋಹದ ತಟ್ಟೆಯ ಹಿಂದೆ ಇರುತ್ತವೆ. ಆ ತಟ್ಟೆ ಸರಿಯಾಗಿ ಕೂತು ಬೀಗ ಬಿದ್ದಿದೆಯೆಂದು ತಿಳಿಯುವವರೆಗೂ ಕ್ಯಾಮೆರಾ ಕೆಲಸ ಮಾಡದು. ಕಾರ್ಡು ಬದಲಾಯಿಸಿದ ಮರುಕ್ಷಣದಲ್ಲಿ ಕ್ಯಾಮೆರಾ ಸತ್ತಂತೆ ಕಂಡರೆ ಮೊದಲು ಈ ತಟ್ಟೆಯನ್ನು ತೆಗೆದು, ಅಂಚಿನ ಧೂಳು ಒರೆಸಿ, ಕೊಂಡಿಯನ್ನು ಕೊನೆಯವರೆಗೂ ತಿರುಗಿಸಿ ಕೂರಿಸಬೇಕು. ಎಂ11ರಲ್ಲಿ ಈ ತಟ್ಟೆಯನ್ನೇ ಕೈಬಿಟ್ಟಿದ್ದಾರೆ, ಅಲ್ಲಿ ಬ್ಯಾಟರಿ ನೇರವಾಗಿ ತಳದಲ್ಲಿ ಕೂರುತ್ತದೆ.

ಆಮೇಲೆ ಬ್ಯಾಟರಿ. ಲೋಹದ ಸ್ಪರ್ಶಬಿಂದುಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಪೂರ್ತಿ ಚಾರ್ಜ್ ಮಾಡಿ, ಸಾಧ್ಯವಾದರೆ ಗೆಳೆಯರ ಬಳಿ ಇರುವ ಇನ್ನೊಂದು ಬ್ಯಾಟರಿಯನ್ನು ಹಾಕಿ ನೋಡಿ. ಹಳೆಯ ಬ್ಯಾಟರಿ ತೋರಿಸುವ ಶೇಕಡಾ ಲೆಕ್ಕವನ್ನು ನಂಬುವಂತಿಲ್ಲ. 60 ತೋರಿಸುತ್ತಿದ್ದದ್ದು ಎರಡು ಚಿತ್ರ ತೆಗೆಯುವಷ್ಟರಲ್ಲಿ ಸೊನ್ನೆಗೆ ಇಳಿಯುತ್ತಿದ್ದರೆ ಕೆಟ್ಟಿರುವುದು ಬ್ಯಾಟರಿಯೇ ಹೊರತು ಕ್ಯಾಮೆರಾ ಅಲ್ಲ. ಬ್ಯಾಟರಿ ಒಂದಿಷ್ಟು ಉಬ್ಬಿದ್ದರೂ, ಗೂಡಿನಿಂದ ಸಲೀಸಾಗಿ ಹೊರಬಾರದಿದ್ದರೂ, ಚಾರ್ಜ್ ಆಗುವಾಗ ಕೈಸುಡುವಷ್ಟು ಬಿಸಿಯಾದರೂ ಅಲ್ಲಿಗೇ ನಿಲ್ಲಿಸಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾಕು, ಸ್ಕ್ರೂಡ್ರೈವರ್‌ಗಳಿಂದ ಮೀಟಿ ತೆಗೆಯಲು ಹೋದರೆ ಅದು ಹೊತ್ತಿಕೊಳ್ಳುವ ಅಪಾಯವಿದೆ.

ಪ್ರತಿಸಲ ಆನ್ ಮಾಡಿದಾಗಲೂ ದಿನಾಂಕ ಅಳಿಸಿಹೋಗಿದ್ದರೆ ಗಾಬರಿ ಬೇಡ. ಗಡಿಯಾರವನ್ನು ನಡೆಸುವ ಪುಟ್ಟ ವಿದ್ಯುತ್ ಸಂಚಯಕವೊಂದು ಒಳಗಿದೆ, ಅದು ಚಾರ್ಜ್ ಆಗುವುದು ಮುಖ್ಯ ಬ್ಯಾಟರಿಯಿಂದಲೇ. ತಿಂಗಳುಗಟ್ಟಲೆ ಬ್ಯಾಟರಿ ತೆಗೆದಿಟ್ಟಿದ್ದ ಕ್ಯಾಮೆರಾದಲ್ಲಿ ತುಂಬಿದ ಬ್ಯಾಟರಿಯನ್ನು ಕೆಲವು ದಿನ ಹಾಗೆಯೇ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನಡುವೆ ಸ್ತಬ್ಧವಾಗುತ್ತದೆ, ತೆಗೆದ ಚಿತ್ರ ಕಾಣೆಯಾಗುತ್ತದೆ

ಬಳಕೆದಾರರ ತಾಳ್ಮೆಯನ್ನು ಅತಿ ಹೆಚ್ಚು ಪರೀಕ್ಷಿಸುವ ಲಕ್ಷಣ ಇದು, ಏಕೆಂದರೆ ಇದು ಬೇಕೆಂದಾಗ ಬಾರದು, ಬೇಡದಾಗ ತಪ್ಪದೆ ಬರುತ್ತದೆ. ಸರ್ವಿಸ್ ಕೇಂದ್ರದ ಮೇಜಿನ ಮೇಲೆ ಮೂರು ದಿನ ನಿರಾತಂಕವಾಗಿ ನಡೆದ ಕ್ಯಾಮೆರಾ ಮಾಲೀಕರ ಕೈಗೆ ಬಂದ ಸಂಜೆಯೇ ಮತ್ತೆ ನಿಂತುಹೋಗುವುದುಂಟು.

ಮೊದಲ ಅನುಮಾನ ಕಾರ್ಡಿನ ಮೇಲೆ. ಎಂ9ರಂಥ ಹಳೆಯ ಕ್ಯಾಮೆರಾಗಳಿಗೆ 32 ಜಿಬಿಗಿಂತ ಹೆಚ್ಚಿನ ಕಾರ್ಡ್ ಹೊಂದುವುದಿಲ್ಲ, ಅದರೊಳಗಿನ ಕಾರ್ಡ್‌ಗಳಲ್ಲೂ ಕೆಲವಕ್ಕೂ ಕ್ಯಾಮೆರಾಕ್ಕೂ ಸರಿಬರುವುದಿಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸದೆ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. ಹಿಂಬದಿಯ ಸಣ್ಣ ಕೆಂಪು ದೀಪ ಮಿನುಗುತ್ತಿರುವಾಗ ಚಿತ್ರ ಇನ್ನೂ ಕಾರ್ಡಿಗೆ ಇಳಿಯುತ್ತಿದೆಯೆಂದು ಅರ್ಥ. ಆಗ ತಳದ ತಟ್ಟೆ ತೆಗೆದರೆ ಆ ಚಿತ್ರ ಮಾತ್ರವಲ್ಲ, ಕೆಲವೊಮ್ಮೆ ಇಡೀ ಕಾರ್ಡಿನ ವಿಷಯವೇ ಕೈತಪ್ಪುತ್ತದೆ. ಹಾಗೆ ಕೈತಪ್ಪಿದರೆ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯದೆ ಎತ್ತಿಟ್ಟು, ಚಿತ್ರ ಮರಳಿಸುವ ತಂತ್ರಾಂಶದಿಂದ ಪ್ರಯತ್ನಿಸಬೇಕು.

ಎಂ11ರಲ್ಲಿ ಒಂದು ಅನುಕೂಲವಿದೆ. ಅದರೊಳಗೇ 64 ಜಿಬಿ ಸ್ಮರಣೆ ಇರುವುದರಿಂದ (2023ರಲ್ಲಿ ಬಂದ ಎಂ11-ಪಿಯಲ್ಲಿ 256 ಜಿಬಿ) ಕಾರ್ಡನ್ನು ಹೊರತೆಗೆದು ಒಂದು ವಾರ ಒಳಸ್ಮರಣೆಯಲ್ಲಷ್ಟೇ ಚಿತ್ರ ತೆಗೆದು ನೋಡಬಹುದು. ಆ ವಾರದಲ್ಲಿ ಒಮ್ಮೆಯೂ ನಿಲ್ಲದಿದ್ದರೆ ಕಾರ್ಡನ್ನು ಬದಲಿಸಿ. ಆಗಲೂ ನಿಂತರೆ ಕಾರ್ಡು ನಿರಪರಾಧಿ, ಮುಂದೆ ನೋಡಬೇಕಾದದ್ದು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ತಂತ್ರಾಂಶ. ಹೊಸ ಆವೃತ್ತಿಯನ್ನು ಹಾಕುವ ಮುನ್ನ ಬ್ಯಾಟರಿ ತುಂಬಿರಬೇಕು. ನಡುವೆ ಚಾರ್ಜ್ ಮುಗಿದರೆ ಕ್ಯಾಮೆರಾ ಮತ್ತೆ ಏಳದಿರಬಹುದು. ಹಾಕಿದ ಬಳಿಕ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತಂದು, ಫೋನಿನ ಆ್ಯಪ್ ಸಂಪರ್ಕವನ್ನೂ ಕಡಿದು, ಆಮೇಲೆ ಒಂದೊಂದಾಗಿ ಸೇರಿಸುತ್ತ ಹೋಗಿ.

ಪ್ರತಿಸಲ ನಿಂತಾಗಲೂ ದಿನ, ಸಮಯ, ಬ್ಯಾಟರಿಯ ಮಟ್ಟ, ಆಗ ಮಾಡುತ್ತಿದ್ದ ಕೆಲಸಗಳನ್ನು ಬರೆದಿಡಿ, ಪರದೆಯ ಮೇಲೆ ಏನು ಕಾಣುತ್ತಿತ್ತೆಂಬುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬಂದುಹೋಗುವ ದೋಷಕ್ಕೆ ಇದಲ್ಲದೆ ಬೇರೆ ಸಾಕ್ಷಿ ಇರುವುದಿಲ್ಲ.

ಫೋಕಸ್ ತಪ್ಪುತ್ತಿದೆ

ಬರುವ ದೂರುಗಳಲ್ಲಿ ದೊಡ್ಡ ಪಾಲು ಇದರದು, ವಿನಾಕಾರಣ ಸರ್ವಿಸ್‌ಗೆ ಹೋಗುವ ಕ್ಯಾಮೆರಾಗಳಲ್ಲೂ ಇದರದೇ ಮೇಲುಗೈ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ನನ್ನದೇ ಒಂದು ಪೆದ್ದುತನದಿಂದ ಆರಂಭಿಸುತ್ತೇನೆ. ಅಕ್ಕನ ಮಗಳ ನಿಶ್ಚಿತಾರ್ಥದಲ್ಲಿ 50 ಮಿ.ಮೀ. ಲೆನ್ಸಿನಿಂದ ಅವಳ ಮುಖವನ್ನು ಹತ್ತಿರದಿಂದ ಮೂವತ್ತು ಸಲವಾದರೂ ತೆಗೆದಿದ್ದೆ. ಮನೆಗೆ ಬಂದು ಪರದೆಯ ಮೇಲೆ ನೋಡಿದರೆ ಕೆಲವು ಚಿತ್ರಗಳಲ್ಲಿ ಕಣ್ಣು ಮಸುಕಾಗಿ ಕಿವಿಯ ಜುಮುಕಿ ಸ್ಫುಟವಾಗಿತ್ತು, ಇನ್ನು ಕೆಲವುಗಳಲ್ಲಿ ಕಣ್ಣು ಮಸುಕಾಗಿ ಮೂಗುತಿಯ ಹರಳು ಮಾತ್ರ ಮಿಂಚುತ್ತಿತ್ತು. ರೇಂಜ್‌ಫೈಂಡರ್ ಹದ ತಪ್ಪಿದೆಯೆಂದು ತೀರ್ಮಾನಿಸಿ ಪೆಟ್ಟಿಗೆ ಕಟ್ಟಿ, ಕೊರಿಯರ್ ಚೀಟಿಯನ್ನೂ ಬರೆಸಿಬಿಟ್ಟಿದ್ದೆ. ಅಷ್ಟರಲ್ಲಿ ಬೇರೆ ಕಾರಣಕ್ಕೆ ಕಣ್ಣಿನ ಡಾಕ್ಟರ ಬಳಿ ಹೋದಾಗ ಬಲಗಣ್ಣಿನ ನಂಬರ್ ಬದಲಾಗಿದೆ, ಚಾಳೀಸೂ ಹೆಚ್ಚಾಗಿದೆ ಎಂದರು. ಹೊಸ ಕನ್ನಡಕ ಬಂದ ದಿನವೇ ಕ್ಯಾಮೆರಾ "ರಿಪೇರಿ" ಆಯಿತು. ಜುಮುಕಿಯೂ ಮೂಗುತಿಯೂ ಅಂದೇ ನನಗೆ ಸತ್ಯ ಹೇಳಿದ್ದವು: ಹದ ತಪ್ಪಿದ ಯಂತ್ರವು ಯಾವಾಗಲೂ ಒಂದೇ ಕಡೆಗೆ ತಪ್ಪುತ್ತದೆ, ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ತಪ್ಪುತ್ತಿದ್ದರೆ ಅದು ಕಣ್ಣಿನ ಅಥವಾ ಕೈಯ ದೋಷ.

ಲೈಕಾ ಎಂ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿನ ನಂಬರಿಗೆ ಹೊಂದಿಸುವ ತಿರುಗಣೆ ಇರುವುದಿಲ್ಲ. ಅದನ್ನು ಮೈನಸ್ 0.5 ಡಯಾಪ್ಟರ್‌ಗೆ ಸ್ಥಿರಗೊಳಿಸಿದ್ದಾರೆ, ಬೇಕಾದವರು ಕಿಂಡಿಗೆ ತಿರುಚಿ ಹಾಕುವ ತಿದ್ದುಗಾಜನ್ನು ಬೇರೆಯಾಗಿ ಕೊಳ್ಳಬೇಕು. ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಗಾಜಿನ ಯಾವ ಭಾಗದಿಂದ ನೋಡುತ್ತಿದ್ದಾರೆಂಬುದರ ಮೇಲೆ ಚೌಕದ ಸ್ಫುಟತೆ ಬದಲಾಗುತ್ತದೆ. ಮೂರು ಮೀಟರ್ ದೂರದ ಕ್ಯಾಲೆಂಡರಿನ ಅಂಕಿಗಳು ಕಿಂಡಿಯಲ್ಲಿ ಹರಿತವಾಗಿ ಕಾಣದಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಿ ಪ್ರಯೋಜನವಿಲ್ಲ.

ಕಣ್ಣು ಸರಿಯಿದ್ದರೆ ಬೆಂಕಿಪೊಟ್ಟಣದ ಪರೀಕ್ಷೆಗೆ ಬನ್ನಿ. ಊಟದ ಮೇಜಿನ ಮೇಲೆ ಮೂರು ಬೆಂಕಿಪೊಟ್ಟಣಗಳನ್ನು ಒಂದರ ಹಿಂದೆ ಒಂದು 3 ಸೆಂ.ಮೀ. ಅಂತರದಲ್ಲಿ, ಆದರೆ ಮೂರೂ ಕಾಣುವಂತೆ ಪಕ್ಕಕ್ಕೆ ಸರಿಸಿ ನಿಲ್ಲಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ 1 ಮೀಟರ್ ದೂರದಲ್ಲಿಟ್ಟು, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರವನ್ನು; ಅದರ ಎಫ್ ಅಂಕಿ ಕಿರಿದಾದಷ್ಟೂ ರಂಧ್ರ ದೊಡ್ಡದು) ಪೂರ್ತಿ ತೆರೆದು, ನಡುವಣ ಪೊಟ್ಟಣದ ಅಂಚಿಗೆ ಫೋಕಸ್ ಮಾಡಿ ಚಿತ್ರ ತೆಗೆಯಿರಿ. ಪ್ರತಿ ಚಿತ್ರಕ್ಕೂ ಲೆನ್ಸನ್ನು ತಿರುಗಿಸಿ ಹೊಸದಾಗಿ ಫೋಕಸ್ ಮಾಡಬೇಕು. ಐದು ಸಲ ದೂರದ ಕಡೆಯಿಂದ, ಐದು ಸಲ ಹತ್ತಿರದ ಕಡೆಯಿಂದ. 1 ಮೀಟರ್ ದೂರದಲ್ಲಿ 50 ಮಿ.ಮೀ. ಎಫ್ 1.4 ಲೆನ್ಸಿನ ಸ್ಫುಟ ವಲಯ ಸುಮಾರು 3 ಸೆಂ.ಮೀ., 90 ಮಿ.ಮೀ. ಎಫ್ 2 ಲೆನ್ಸಿನದು ಒಂದೂವರೆ ಸೆಂ.ಮೀ.ಗಿಂತಲೂ ಕಡಿಮೆ ಎಂಬುದು ನೆನಪಿರಲಿ. ಫೋಕಸ್ ಮಾಡಿದ ಬಳಿಕ ಉಸಿರೆಳೆದುಕೊಳ್ಳುವಾಗ ಮೈ ತೂಗಿದಷ್ಟಕ್ಕೇ ಇದು ಕೈತಪ್ಪುತ್ತದೆ, ಟ್ರೈಪಾಡ್ ಬೇಕೆನ್ನುವುದು ಇದಕ್ಕೇ.

ಹತ್ತೂ ಚಿತ್ರಗಳಲ್ಲಿ ಹಿಂದಿನ ಪೊಟ್ಟಣವೇ ಸ್ಫುಟವಾಗಿದ್ದರೆ, ಅಥವಾ ಹತ್ತರಲ್ಲೂ ಮುಂದಿನದೇ ಸ್ಫುಟವಾಗಿದ್ದರೆ, ಹದ ತಪ್ಪಿರುವುದು ನಿಜ. ದೂರದಿಂದ ಬಂದಾಗ ಒಂದು ಫಲಿತಾಂಶ, ಹತ್ತಿರದಿಂದ ಬಂದಾಗ ಇನ್ನೊಂದು ಎಂದಾದರೆ ಲೆನ್ಸಿನ ತಿರುಗಣೆಯಲ್ಲಿ ಸಡಿಲ ಇದೆ, ಅಥವಾ ಬಾಡಿಯ ಉರುಳೆಯ ತೋಳು ಬಿಗಿಯಾಗಿ ಹಿಂಬಾಲಿಸುತ್ತಿಲ್ಲ.

ತಪ್ಪು ಲೆನ್ಸಿನದೋ ಬಾಡಿಯದೋ ಎಂದು ತಿಳಿಯಲು ಇದೇ ಪರೀಕ್ಷೆಯನ್ನು ಕನಿಷ್ಠ ಇನ್ನೊಂದು ಲೆನ್ಸಿನಿಂದ ಮಾಡಬೇಕು. ಎಲ್ಲ ಲೆನ್ಸ್‌ಗಳೂ ಒಂದೇ ಕಡೆಗೆ ತಪ್ಪಿದರೆ ಬಾಡಿ, ಒಂದು ಮಾತ್ರ ತಪ್ಪಿದರೆ ಆ ಲೆನ್ಸ್. ಪರಿಚಯದವರ ಬಾಡಿ ಸಿಕ್ಕರೆ ಅನುಮಾನದ ಲೆನ್ಸನ್ನು ಅದರ ಮೇಲೂ ಹಾಕಿ ನೋಡಿ. ಎಂ 240ರಿಂದೀಚೆಗಿನ ಬಹುತೇಕ ಮಾದರಿಗಳಲ್ಲಿ ಲೈವ್ ವ್ಯೂ ಇರುವುದರಿಂದ ಇನ್ನೂ ಸುಲಭದ ದಾರಿಯಿದೆ: ಪರದೆಯ ಮೇಲೆ ಹಿಗ್ಗಿಸಿ ನೋಡಿ ನಿಖರವಾಗಿ ಫೋಕಸ್ ಮಾಡಿ, ಲೆನ್ಸನ್ನು ಮುಟ್ಟದೆ ಕಿಂಡಿಯಲ್ಲಿ ನೋಡಿ. ಅಲ್ಲಿ ಎರಡು ಬಿಂಬಗಳು ಒಂದಾಗಿಲ್ಲದಿದ್ದರೆ ಸೆನ್ಸರೂ ರೇಂಜ್‌ಫೈಂಡರೂ ಪರಸ್ಪರ ಒಪ್ಪುತ್ತಿಲ್ಲವೆಂದು ಕಣ್ಣಾರೆ ಕಂಡಂತಾಯಿತು. ಎಂ8, ಎಂ9ಗಳಲ್ಲಿ ಈ ಸೌಲಭ್ಯವಿಲ್ಲ.

ದೂರದ ಪರೀಕ್ಷೆಯೂ ಬೇಕು. ಲೆನ್ಸನ್ನು ಅನಂತದ ಗುರುತಿಗೆ ತಾಗುವವರೆಗೆ ತಿರುಗಿಸಿ, ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರಿನ ಅಂಚನ್ನೋ ರಾತ್ರಿಯಾದರೆ ಚಂದ್ರನನ್ನೋ ನೋಡಿ. ಸೂರ್ಯನನ್ನು ಮಾತ್ರ ಈ ಕಿಂಡಿಯಲ್ಲಿ ಎಂದೂ ನೋಡಬಾರದು. ಎರಡು ಬಿಂಬಗಳು ಅಕ್ಕಪಕ್ಕ ಉಳಿದರೆ ಅನಂತದ ಹದ ತಪ್ಪಿದೆ. ಬಿಂಬಗಳು ಅಡ್ಡಕ್ಕೆ ಸರಿಯಾಗಿ ಕೂಡಿ, ಆದರೆ ಒಂದು ಮೇಲೆ ಒಂದು ಕೆಳಗೆ ಕಂಡರೆ ಅದು ಲಂಬದ ಹದ. ಇದು ಬಿದ್ದ ಕ್ಯಾಮೆರಾಗಳಲ್ಲಿ ಮಾತ್ರವಲ್ಲ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲದಲ್ಲಿ ಘಾಟಿ ರಸ್ತೆ ಹತ್ತಿಳಿದ ಕ್ಯಾಮೆರಾಗಳಲ್ಲೂ ಕಾಣಿಸಿಕೊಳ್ಳಬಹುದು. ಲಂಬದ ವ್ಯತ್ಯಾಸದಿಂದ ಫೋಕಸ್ ನೇರವಾಗಿ ಕೆಡುವುದಿಲ್ಲವಾದರೂ ಬಿಂಬ ಕೂಡಿತೋ ಇಲ್ಲವೋ ಎಂದು ತೀರ್ಮಾನಿಸುವುದು ಕಷ್ಟವಾಗುತ್ತದೆ.

ದೋಷವೇ ಅಲ್ಲದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರನ್ನು ಕಿರಿದಾಗಿಸಿದಂತೆ ಫೋಕಸ್ ಬಿಂದುವೇ ಹಿಂದಕ್ಕೆ ಸರಿಯುತ್ತದೆ. ಝೈಸ್ ಕಂಪನಿಯ 50 ಮಿ.ಮೀ. ಎಫ್ 1.5 ಸಿ-ಸೋನಾರ್ ಇದಕ್ಕೆ ಹೆಸರಾದದ್ದು, ಅದು ಆ ಲೆನ್ಸಿನ ವಿನ್ಯಾಸದಲ್ಲಿಯೇ ಇರುವ ಗುಣ. ಪೂರ್ತಿ ತೆರೆದಾಗ ಸರಿಯಿದ್ದು ಎಫ್ 2.8ರಲ್ಲಿ ಮಾತ್ರ ತಪ್ಪಿದರೆ ಯಾವ ಸರ್ವಿಸ್‌ನವರೂ ಅದನ್ನು ಪೂರ್ತಿ ತೆಗೆದುಹಾಕಲಾರರು. ಇನ್ನೊಂದು, ಹಳೆಯ ತಿರುಪಿನ ಲೆನ್ಸ್‌ಗಳಿಗೆ ಹಾಕುವ ಅಡಾಪ್ಟರ್. ಅದರ ದಪ್ಪ ನಿಖರವಾಗಿ 1 ಮಿ.ಮೀ. ಇರಬೇಕು, ಅಗ್ಗದವುಗಳಲ್ಲಿ ಅದು ಹೆಚ್ಚುಕಡಿಮೆ ಇರುವುದುಂಟು. ಅಂಥ ಲೆನ್ಸಿನಿಂದ ಬಾಡಿಯನ್ನು ಪರೀಕ್ಷಿಸಲು ಹೋಗಬೇಡಿ.

ಬಾಡಿಯ ಬಾಯಿಯೊಳಗೆ ಕಾಣುವ ಆ ಉರುಳೆಯನ್ನು ಸಣ್ಣ ಆರುಮೂಲೆಯ ಕೀಲಿಯಿಂದ ತಿರುಗಿಸಿ ಹದ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ನೋಡಲು ಸುಲಭ, ಮಾಡಲೂ ಸುಲಭ, ಮಾಡಿದ್ದನ್ನು ಸರಿಪಡಿಸುವುದು ಮಾತ್ರ ಸುಲಭವಲ್ಲ. ಅನಂತದ ಹದ ಮತ್ತು ಹತ್ತಿರದ ಹದ ಎರಡೂ ಒಂದಕ್ಕೊಂದು ತಳಕು ಹಾಕಿಕೊಂಡಿವೆ, ಒಂದನ್ನು ತಿದ್ದಿದರೆ ಇನ್ನೊಂದು ಅಲುಗುತ್ತದೆ. ತಪ್ಪಿದ ಲೆನ್ಸೊಂದಕ್ಕೆ ಹೊಂದುವಂತೆ ಬಾಡಿಯನ್ನು ತಿರುಗಿಸಿಬಿಟ್ಟರೆ ಸರಿಯಿದ್ದ ಉಳಿದ ಲೆನ್ಸ್‌ಗಳೆಲ್ಲ ಅಂದಿನಿಂದ ತಪ್ಪಲು ಆರಂಭಿಸುತ್ತವೆ. ವಾರಂಟಿ ಇರುವ ಕ್ಯಾಮೆರಾವನ್ನಂತೂ ಮುಟ್ಟಲೇಬಾರದು.

ಆಕಾಶದಲ್ಲಿ ಚುಕ್ಕೆಗಳು ಕಾಣುತ್ತಿವೆ

ಅಪರ್ಚರನ್ನು ಎಫ್ 16ಕ್ಕೆ ಇಳಿಸಿ, ಫೋಕಸ್ ತಪ್ಪಿಸಿ, ಮೋಡವಿಲ್ಲದ ಆಕಾಶದ ಒಂದು ಚಿತ್ರ ತೆಗೆಯಿರಿ. ಚುಕ್ಕೆಗಳ ಸ್ಥಾನವನ್ನು ಗುರುತಿಸಿಕೊಂಡು, ಮೆನುವಿನಲ್ಲಿ ಸೆನ್ಸರ್ ಶುಚಿಗೊಳಿಸುವ ಆಯ್ಕೆಯಿಂದ ಸೆನ್ಸರನ್ನು ಮುಚ್ಚಿರುವ ಶಟರ್ ತೆರೆದು, ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ನಾಲ್ಕು ಸಲ ಗಾಳಿ ಊದಿ, ಮತ್ತೆ ಅದೇ ಚಿತ್ರ ತೆಗೆಯಿರಿ. ಜಾಗ ಬದಲಿಸಿದ ಅಥವಾ ಮಾಯವಾದ ಚುಕ್ಕೆಗಳು ಧೂಳು. ಬಾಯಿಯಿಂದ ಊದಿದರೆ ಉಗುಳು ಬೀಳುತ್ತದೆ, ಡಬ್ಬಿಯ ಸಂಕುಚಿತ ಗಾಳಿಯಿಂದ ದ್ರವ ಸಿಡಿಯುತ್ತದೆ, ಎರಡೂ ಬೇಡ. ಚಿತ್ರದ ಮೇಲಂಚಿನಲ್ಲಿ ಕಾಣುವ ಚುಕ್ಕೆ ಸೆನ್ಸರಿನ ಕೆಳಗಡೆ ಇರುತ್ತದೆ, ಎಡದ್ದು ಎದುರಿನಿಂದ ನೋಡುವಾಗ ಎಡದಲ್ಲೇ ಇರುತ್ತದೆ.

ಕದಲದ ಚುಕ್ಕೆಗಳಿಗೆ ಒದ್ದೆ ಶುಚಿ ಬೇಕು. ಸೆನ್ಸರಿನ ಎತ್ತರಕ್ಕೆ ಸರಿಯಾದ 24 ಮಿ.ಮೀ. ಕಡ್ಡಿ, ಸೆನ್ಸರಿಗೆಂದೇ ಮಾರುವ ದ್ರವದ ಎರಡು ಹನಿ, ಒಂದು ದಿಕ್ಕಿಗೆ ಒಂದೇ ಸಲ. ಬ್ಯಾಟರಿ ತುಂಬಿರಲೇಬೇಕು, ಇಲ್ಲವಾದರೆ ಶಟರಿನ ತೆಳು ಲೋಹದ ಹಾಳೆಗಳು ಕಡ್ಡಿಯ ಮೇಲೆಯೇ ಮುಚ್ಚಿಕೊಂಡು ಮುರಿಯುತ್ತವೆ. ಈ ದ್ರವಗಳಲ್ಲಿ ಹಲವು ಮೆಥನಾಲ್‌ನಿಂದ ಮಾಡಿದವು. ಬೇಗ ಹೊತ್ತಿಕೊಳ್ಳುತ್ತವೆ, ಆವಿಯೂ ವಿಷ. ಕಿಟಕಿ ತೆರೆದಿಡಿ, ದೇವರ ದೀಪದಿಂದ ದೂರವಿರಿ.

ಎಂ9 ಇಟ್ಟುಕೊಂಡವರು ಈ ಹಂತದಲ್ಲಿ ಕೈ ಹಿಂದೆಗೆಯಬೇಕು. 2009ರಲ್ಲಿ ಬಂದ ಎಂ9, ಆಮೇಲೆ ಬಂದ ಎಂ9-ಪಿ, ಎಂ-ಇ ಮತ್ತು 2012ರ ಮೊದಲ ಮೊನೊಕ್ರೋಮ್‌ಗಳಲ್ಲಿ ಸಿಸಿಡಿ ಸೆನ್ಸರಿನ ಮೇಲಿನ ರಕ್ಷಣಾ ಗಾಜೇ ತೇವಾಂಶದಿಂದ ಕಾಲಕ್ರಮೇಣ ಕೊರೆದುಹೋಗುತ್ತದೆ. ಧೂಳಿನ ಚುಕ್ಕೆಗೆ ಹರಿತವಾದ ಅಂಚಿದ್ದರೆ, ಈ ಕೊರೆತದ ಚುಕ್ಕೆಯ ಸುತ್ತ ಬಳೆಯಂಥ ಮಬ್ಬು ಇರುತ್ತದೆ, ಊದಿದರೂ ಒರೆಸಿದರೂ ಹೋಗುವುದಿಲ್ಲ, ತಿಂಗಳಿಂದ ತಿಂಗಳಿಗೆ ಸಂಖ್ಯೆ ಬೆಳೆಯುತ್ತದೆ. ಕಂಪನಿ ಇದನ್ನು 2014ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡು ಉಚಿತವಾಗಿ ಸೆನ್ಸರ್ ಬದಲಿಸಿಕೊಡಲು ಆರಂಭಿಸಿತು, 2017ರಲ್ಲಿ ಆ ಉಚಿತ ಸೇವೆಗೆ ಮಿತಿ ಹಾಕಿತು, 2020ರಲ್ಲಿ ಬದಲಿ ಸೆನ್ಸರ್‌ಗಳ ದಾಸ್ತಾನೇ ಮುಗಿಯಿತೆಂದು ತಿಳಿಸಿತು. ಈಗ ಉಳಿದಿರುವುದು ಹೊರಗಿನ ತಜ್ಞರಿಂದ ಗಾಜನ್ನಷ್ಟೇ ಬದಲಿಸಿಕೊಳ್ಳುವ ದಾರಿ. ಹಳೆಯ ಎಂ9 ಕೊಳ್ಳುವವರು ಸೆನ್ಸರ್ ಬದಲಿಸಿದ ದಾಖಲೆಯನ್ನು ಕೇಳದೆ, ಎಫ್ 16ರ ಆಕಾಶದ ಚಿತ್ರವನ್ನು ಮೂಲ ಗಾತ್ರದಲ್ಲಿ ನೋಡದೆ ಮುಂಗಡ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪಟ್ಟೆ, ಗೆರೆ, ಬಣ್ಣದ ಏರುಪೇರು

ಎಲ್‌ಇಡಿ ದೀಪದ ಕೆಳಗೆ ತೆಗೆದ ಚಿತ್ರಗಳಲ್ಲಿ ಮಾತ್ರ ಅಡ್ಡಪಟ್ಟೆಗಳು ಕಂಡರೆ ಕ್ಯಾಮೆರಾ ಸರಿಯಿದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ದೀಪಗಳು ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿನ ಆಸುಪಾಸಿಗೆ ಇಳಿಸಿದರೆ ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ. ಎಂ11ರ ಎಲೆಕ್ಟ್ರಾನಿಕ್ ಶಟರ್ ಬಳಸುವಾಗ ಇದು ಇನ್ನೂ ಎದ್ದು ಕಾಣುತ್ತದೆ.

ಹಗಲು ಬೆಳಕಿನಲ್ಲಿ ಬಿಳಿಗೋಡೆಯನ್ನು 1/4000, 1/2000, 1/1000, 1/500 ಹೀಗೆ ಕ್ರಮವಾಗಿ, ಬೆಳಕಿನ ಪ್ರಮಾಣ ಒಂದೇ ಇರುವಂತೆ ಅಪರ್ಚರ್ ಹೊಂದಿಸಿಕೊಂಡು ತೆಗೆಯಿರಿ. ಅತಿ ವೇಗಗಳಲ್ಲಿ ಮಾತ್ರ ಚಿತ್ರದ ಒಂದು ಬದಿ ಕಪ್ಪಾಗುತ್ತಿದ್ದರೆ ಶಟರಿನ ಎರಡು ಪರದೆಗಳ ಓಟ ಸಮವಾಗಿಲ್ಲ. ಅದು ಪೂರ್ತಿ ನಿಲ್ಲುವ ಮುನ್ನ ಸರ್ವಿಸ್‌ಗೆ ಕೊಡಬೇಕು. ಫ್ಲ್ಯಾಶ್ ಬಳಸಿದಾಗ ಮಾತ್ರ ಹೀಗಾದರೆ ವೇಗ 1/180ಕ್ಕಿಂತ ಹೆಚ್ಚಿದೆಯೇ ನೋಡಿ, ಎಂ9, ಎಂ10ಗಳ ಮಿತಿ ಅಷ್ಟೇ. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ತೆಳುವಾದ ನೇರ ಗೆರೆಯೊಂದು ಮೇಲಿಂದ ಕೆಳಗೆ ಓಡಿದ್ದರೆ ಅದು ಸೆನ್ಸರಿನ ಸತ್ತ ಸಾಲು. ಕಾರ್ಖಾನೆಯಲ್ಲಿ ಅದನ್ನು ತಂತ್ರಾಂಶದಿಂದಲೇ ಮರೆಮಾಚಬಲ್ಲರು, ಸೆನ್ಸರನ್ನೇ ಬದಲಿಸಬೇಕೆಂದು ಯಾರಾದರೂ ಅಂದಾಜು ಪಟ್ಟಿ ಕೊಟ್ಟರೆ ಇದನ್ನು ಮೊದಲು ಕೇಳಿ.

2006ರ ಎಂ8ರಲ್ಲಿ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಬರುವುದು ರಿಪೇರಿಯ ವಿಷಯವಲ್ಲ. ಅದರ ಸೆನ್ಸರ್ ಅವಗೆಂಪು ಕಿರಣಗಳನ್ನು ಸಾಕಷ್ಟು ತಡೆಯುವುದಿಲ್ಲವಾದ್ದರಿಂದ ಲೆನ್ಸಿನ ಮುಂದೆ ಯುವಿ–ಐಆರ್ ಫಿಲ್ಟರ್ ಹಾಕಲೇಬೇಕು.

ಮಬ್ಬು, ಬೂಷ್ಟು

ಮಲೆನಾಡು, ಕೊಡಗು, ಕರಾವಳಿಯಲ್ಲಿರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ದೊಡ್ಡ ಶತ್ರು. ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಜೇಡರಬಲೆಯಂಥ ಎಳೆಗಳು ಕಾಣುತ್ತವೆ. ಹೊರಗಾಜಿನ ಮೇಲಿದ್ದರೆ ಒರೆಸಬಹುದು. ಒಳಗಿದ್ದರೆ ತಡಮಾಡದೆ ಬಿಚ್ಚಿ ತೊಳೆಸಬೇಕು, ಏಕೆಂದರೆ ಬೂಷ್ಟು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಶೇಕಡಾ 40ರಿಂದ 50ರ ತೇವಾಂಶ ಕಾಯುವ ಡ್ರೈ ಕ್ಯಾಬಿನೆಟ್ಟಿನ ಬೆಲೆ ಒಂದು ಲೆನ್ಸ್ ತೊಳೆಸುವ ಖರ್ಚಿಗಿಂತ ಹೆಚ್ಚೇನಲ್ಲ. ಕ್ಯಾಮೆರಾದ ಚರ್ಮದ ಚೀಲ ತೇವವನ್ನು ಹಿಡಿದಿಡುತ್ತದೆ, ಬೀರುವಿನ ನುಸಿಗುಳಿಗೆಯ ಆವಿಯೂ ಗಾಜಿಗೆ ಒಳ್ಳೆಯದಲ್ಲ. ಏಸಿ ಕೋಣೆಯಿಂದ ಮಂಗಳೂರಿನ ಬಿಸಿಲಿಗೆ ಬರುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಅದು ಹೊರಗಿನ ಬಿಸಿಗೆ ಬಂದ ಮೇಲೆ ತೆರೆದರೆ ಒಳಗೆ ಹನಿಗಟ್ಟುವುದಿಲ್ಲ.

ಸರ್ವಿಸ್‌ಗೆ ಕಳಿಸಲೇಬೇಕಾದಾಗ

ಪರಿಚಿತರೊಬ್ಬರು ಫೋಕಸ್ ತಪ್ಪುತ್ತಿದೆಯೆಂದು ಬಾಡಿಯನ್ನಷ್ಟೇ ಕಳಿಸಿದ್ದರು. ಎರಡು ತಿಂಗಳ ಬಳಿಕ ಅದು "ಮಿತಿಯೊಳಗೇ ಇದೆ" ಎಂಬ ಷರಾದೊಂದಿಗೆ ಮರಳಿತು. ಲೆನ್ಸನ್ನು ಬೇರೆಯಾಗಿ ಕಳಿಸಿದಾಗಲೂ ಅದೇ ಉತ್ತರ. ಬಾಡಿಯಲ್ಲಿ ಒಂದು ಕಡೆಗೆ ಒಂದಿಷ್ಟು, ಲೆನ್ಸಿನಲ್ಲಿ ಅದೇ ಕಡೆಗೆ ಇನ್ನೊಂದಿಷ್ಟು ವ್ಯತ್ಯಾಸವಿದ್ದು, ಎರಡೂ ಬೇರೆಬೇರೆಯಾಗಿ ಮಿತಿಯೊಳಗಿದ್ದರೂ ಸೇರಿದಾಗ ಮಿತಿ ಮೀರುತ್ತಿತ್ತು. ಆದ್ದರಿಂದ ಫೋಕಸ್ ದೂರಿಗೆ ಬಾಡಿಯ ಜೊತೆಗೆ ತಪ್ಪುವ ಲೆನ್ಸನ್ನೂ, ಬೆಂಕಿಪೊಟ್ಟಣದ ಹತ್ತು ಚಿತ್ರಗಳ ಮೂಲ ಡಿಎನ್‌ಜಿ (ಕ್ಯಾಮೆರಾ ಉಳಿಸುವ ಸಂಸ್ಕರಿಸದ) ಕಡತಗಳನ್ನೂ ಒಟ್ಟಿಗೇ ಕಳಿಸಿ. ಪತ್ರದಲ್ಲಿ "ಕ್ಯಾಮೆರಾ ಸರಿಯಿಲ್ಲ" ಎಂದು ಬರೆಯುವ ಬದಲು "1 ಮೀಟರ್ ದೂರದಲ್ಲಿ, ಎಫ್ 1.4ರಲ್ಲಿ, ಹತ್ತರಲ್ಲಿ ಹತ್ತು ಸಲ 3 ಸೆಂ.ಮೀ. ಹಿಂದಕ್ಕೆ ಫೋಕಸ್ ಆಗುತ್ತಿದೆ, 35 ಮಿ.ಮೀ. ಲೆನ್ಸಿನಲ್ಲಿ ಆಗುತ್ತಿಲ್ಲ" ಎಂದು ಬರೆಯಿರಿ. ಇಂಥ ವಾಕ್ಯವನ್ನು ಓದಿದ ತಂತ್ರಜ್ಞ ಪರೀಕ್ಷಿಸದೆ ಹಿಂದಿರುಗಿಸುವುದು ಕಷ್ಟ.

ಪೆಟ್ಟಿಗೆ ಮುಚ್ಚುವ ಮುನ್ನ ಬಾಡಿ, ಲೆನ್ಸ್‌ಗಳ ಕ್ರಮಸಂಖ್ಯೆ ಕಾಣುವಂತೆಯೂ ಎಲ್ಲ ಬದಿಗಳ ಗೀರುಗಳು ಕಾಣುವಂತೆಯೂ ಫೋಟೊ ತೆಗೆದಿಡಿ. ಕಾರ್ಡು, ಬೆಲ್ಟು, ಬ್ಯಾಟರಿಗಳನ್ನು ಕೇಳದ ಹೊರತು ಕಳಿಸಬೇಡಿ. ಲಿಥಿಯಂ ಬ್ಯಾಟರಿಗೆ ವಿಮಾನ ಸಾಗಣೆಯಲ್ಲಿ ಪ್ರತ್ಯೇಕ ನಿಯಮಗಳಿವೆ. ಪೂರ್ತಿ ಬೆಲೆಗೆ ವಿಮೆ ಮಾಡಿಸಿ, ಅಂದಾಜು ವೆಚ್ಚವನ್ನು ನೀವು ಲಿಖಿತವಾಗಿ ಒಪ್ಪುವವರೆಗೆ ಕೆಲಸ ಆರಂಭಿಸಬಾರದೆಂದು ಪತ್ರದಲ್ಲೇ ತಿಳಿಸಿ.

ಭಾರತದಿಂದ ನೇರವಾಗಿ ವಿದೇಶಕ್ಕೆ ಕಳಿಸುವುದಾದರೆ ರಿಪೇರಿಗಾಗಿ ಹೋಗಿ ಬರುವ ವಸ್ತುವೆಂದು ಕಸ್ಟಮ್ಸ್ ಕಾಗದಗಳಲ್ಲಿ ಆರಂಭದಲ್ಲೇ ಕ್ರಮಸಂಖ್ಯೆ ಸಹಿತ ದಾಖಲಾಗಬೇಕು. ಹಾಗೆ ದಾಖಲಾಗಿದ್ದರೆ 2017ರ 45ನೆಯ ಕಸ್ಟಮ್ಸ್ ಅಧಿಸೂಚನೆಯ ಷರತ್ತುಗಳಿಗೆ ಒಳಪಟ್ಟು, ಮರಳಿ ಬರುವಾಗ ಕ್ಯಾಮೆರಾದ ಪೂರ್ತಿ ಬೆಲೆಯ ಮೇಲೆ ಸುಂಕ ಬೀಳದೆ ರಿಪೇರಿ ವೆಚ್ಚ, ವಿಮೆ ಮತ್ತು ಎರಡೂ ಕಡೆಯ ಸಾಗಣೆ ವೆಚ್ಚದ ಮೇಲಷ್ಟೇ ಬೀಳುತ್ತದೆ. ಕಳಿಸುವ ವೇಳೆಗೆ ನಿಯಮ ಬದಲಾಗಿದೆಯೇ ಎಂದು ಕಸ್ಟಮ್ಸ್ ಏಜೆಂಟರನ್ನು ಕೇಳಿ. ಕೈಯಲ್ಲೇ ಒಯ್ಯುವವರು ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಬರುವಾಗ ವಾದ ತಪ್ಪುತ್ತದೆ. ಬ್ಯಾಟರಿಗಳು ಕೈಚೀಲದಲ್ಲೇ ಇರಲಿ.

ಕ್ಯಾಮೆರಾ ಮರಳಿ ಬಂದ ದಿನವೇ, ಅದೇ ಮೇಜಿನ ಮೇಲೆ, ಅದೇ ಮೂರು ಪೊಟ್ಟಣಗಳನ್ನು ನಿಲ್ಲಿಸಿ ಅದೇ ಹತ್ತು ಚಿತ್ರಗಳನ್ನು ತೆಗೆಯಿರಿ. ಎಫ್ 16ರಲ್ಲಿ ಆಕಾಶದ ಚಿತ್ರವನ್ನೂ ತೆಗೆಯಿರಿ, ಏಕೆಂದರೆ ಬಿಚ್ಚಿ ಮುಚ್ಚುವಾಗ ಸೆನ್ಸರಿನ ಮೇಲೆ ಹೊಸ ಧೂಳು ಕೂರುವುದು ಅಪರೂಪವಲ್ಲ. ರಿಪೇರಿಗೆ ಕೊಟ್ಟ ವಾರಂಟಿಯ ಅವಧಿ ರಸೀದಿಯಲ್ಲಿ ನಮೂದಾಗಿದೆಯೇ ನೋಡಿಕೊಂಡು, ಹಳೆಯ ಮತ್ತು ಹೊಸ ಚಿತ್ರಗಳನ್ನು ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.